ನಿಂತವರ ಕೈಗಳು

ಮನೆಯಿಂದ, ಕಿಟಕಿ ಪಕ್ಕದ ಮೇಜು
ಸೋಮವಾರ, ಮಾರ್ಚ್ ೧೦

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಕತ್ತುನೋವು ಕಡಿಮೆಯಾಯಿತೇ? ದಿನವಿಡೀ ಬಗ್ಗಿ ಕಟ್ಟಡಗಳ ನಕ್ಷೆ ಬರೆಯುವವಳು ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು ಎಂದು ಅಮ್ಮ ಫೋನಿನಲ್ಲಿ ಹೇಳುವುದು ನನಗೂ ಕೇಳಿಸುತ್ತದೆ. ಫೋನು ನನ್ನ ಕೈಗೆ ಬರುವಷ್ಟರಲ್ಲಿ ನಿನಗೆ ಏನೋ ಕೆಲಸ ನೆನಪಾಗಿರುತ್ತದೆ. ಇರಲಿ, ಅದಕ್ಕೇ ಕಾಗದ ಹಿಡಿದೆ. ನಾವು ಆರಾಮ. ನನ್ನ ಕಣ್ಣಿನ ಪೊರೆ ತೆಗೆಸಿಯಾಯಿತು, ಈಗ ಎದುರುಮನೆ ಗೋಡೆಯ ಬಿರುಕೂ ಕಾಣುತ್ತದೆ. ಅಮ್ಮನ ಮಂಡಿ ಮಾತ್ರ ಡಾಕ್ಟರ ಮಾತು ಕೇಳುವುದಿಲ್ಲ. ಆ ವಿಷಯದಲ್ಲಿ ಅದು ಅಮ್ಮನನ್ನೇ ಹೋಲುತ್ತದೆ.

ನಿನ್ನೆ ಬಡಾವಣೆ ಸಂಘದ ಹೊಸ ಕಾರ್ಯದರ್ಶಿ ಬಂದಿದ್ದರು. ಹಿಂದಿನ ಗೇಟು ಕಿತ್ತು ಆ ಜಾಗಕ್ಕೆ ಗೋಡೆ ಕಟ್ಟಿಸುತ್ತಾರಂತೆ. ಬೀಗ ಹಾಕಿ ಆರು ವರ್ಷವಾಯಿತಲ್ಲ, ಇನ್ನೇಕೆ ಅದು ಎನ್ನುತ್ತಾರೆ. ಬರುವ ಭಾನುವಾರ ಸಭೆ. ಕೈ ಎತ್ತಿಸಿ ತೀರ್ಮಾನ. ಎಣಿಸುವುದಕ್ಕೆ ಮತ್ತೆ ನಾನೇ ಆಗಬೇಕಂತೆ. ‘ಎಣಿಕೆ ಮಾವನ ಲೆಕ್ಕ ಅಂದ್ರೆ ಲೆಕ್ಕ’ ಎಂದು ಅಮ್ಮನ ಮುಂದೆಯೇ ಹೊಗಳಿದರು. ಕಾರ್ಖಾನೆಯ ಗೋದಾಮಿನಲ್ಲಿ ಮೂವತ್ತೆರಡು ವರ್ಷ ಪೆಟ್ಟಿಗೆ ಎಣಿಸಿದವನಿಗೆ ಈ ಹೊಗಳಿಕೆ ಹಿಂದೆಲ್ಲ ಹಿತವಾಗಿತ್ತು. ನಿನ್ನೆ ಚಹಾದ ಲೋಟ ಹಾಗೆಯೇ ಕೆಳಗಿಟ್ಟೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಕುರ್ಚಿಯಲ್ಲಿ ಕುಳಿತವರ ಕೈ ಮಾತ್ರ ಎಣಿಸುವ ಪದ್ಧತಿ ಇದೆಯಲ್ಲ, ಅದು ಯಾವ ನಿಯಮಾವಳಿಯಲ್ಲೂ ಇಲ್ಲ. ನೀನಿನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗ ಒಂದು ಸಭೆಯಲ್ಲಿ ಎರಡು ಸಲ ಎಣಿಸಿದರೂ ಲೆಕ್ಕ ಹೊಂದಲಿಲ್ಲ. ಹಿಂದೆ ನಿಂತವರು ಅತ್ತಿತ್ತ ಓಡಾಡುತ್ತಿದ್ದರು. ‘ಕೂತವರನ್ನ ಎಣಿಸಿದ್ರೆ ಸಾಕಲ್ವಾ’ ಎಂದೆ. ಹೌದು, ನಾನೇ. ಅವತ್ತಿನ ಮಟ್ಟಿಗೆ ಕೆಲಸ ಸುಲಭವಾಗಲಿ ಎಂದಷ್ಟೇ. ಅದೇ ರೂಢಿಯಾಯಿತು. ಸಭಾಂಗಣದಲ್ಲಿದ್ದದ್ದು ನಲವತ್ತು ಕುರ್ಚಿ. ಸ್ವಂತ ಮನೆಯ ಗಂಡಸರು ಬಂದು ಕೂರುತ್ತಿದ್ದರು. ಹೆಂಗಸರು, ಬಾಡಿಗೆಯವರು, ಹಿಂದಿನ ಸಾಲಿನ ಸಣ್ಣ ಮನೆಗಳವರು ಗೋಡೆಗೊರಗಿ ನಿಲ್ಲುತ್ತಿದ್ದರು. ಯಾರೂ ಅವರನ್ನು ತಡೆದವರಿಲ್ಲ, ಕುರ್ಚಿ ಖಾಲಿ ಇದ್ದರೂ ಅವರು ಕೂತವರಲ್ಲ. ಎಲ್ಲೂ ಬರೆದಿರದ ನಿಯಮವನ್ನು ಹೊಡೆದುಹಾಕುವುದು ಹೇಗೆ ಹೇಳು.

ಗೇಟಿನ ಸಭೆ ನಿನಗೆ ನೆನಪಿದ್ದೇ ಇರುತ್ತದೆ. ಎರಡು ಸೈಕಲ್ಲು ಕಳುವಾದದ್ದೇ ನೆಪ. ಅಧ್ಯಕ್ಷರು ‘ಎಲ್ಲರ ಒಳಿತಿಗೆ’ ಎಂದು ಶುರು ಮಾಡಿದಾಗಲೇ ನೀನು ಗೊಣಗಿದೆ. ಹಿಂದಿನ ಸಾಲಿನವರಿಗೆ ದೊಡ್ಡ ರಸ್ತೆಗೆ, ಆಸ್ಪತ್ರೆಗೆ ಅದೊಂದೇ ಹತ್ತಿರದ ದಾರಿ ಎಂದು ನೀನು ನಿಂತಲ್ಲಿಂದಲೇ ಮಾತಾಡಿದೆ. ನಿನ್ನ ಪಕ್ಕದಲ್ಲೇ ಅಮ್ಮ, ಅವಳ ಆಚೆ ಹಿಂದಿನ ಸಾಲಿನ ಇಸ್ತ್ರಿಯವರು ಮತ್ತು ಅವರ ಹೆಂಡತಿ. ನಾನು ಎಣಿಸಿ ಹೇಳಿದೆ: ಬೀಗ ಹಾಕಲು ಹತ್ತೊಂಬತ್ತು, ಬೇಡವೆಂದು ಹದಿನಾಲ್ಕು. ಮನೆಗೆ ಬರುವ ದಾರಿಯಲ್ಲಿ ನೀನು ಕೇಳಿದೆ, ‘ನಿಂತವರ ಕೈ ಕೈಯಲ್ವಾ ಅಪ್ಪಾ?’ ನಾನು ಆ ಕಡೆ ನೋಡಲೇ ಇಲ್ಲ ಮಗಳೇ, ನೋಡಿದ್ದರೆ ಏನಾದರೂ ಹೇಳಬಹುದಿತ್ತು ಎಂದೆ. ನೀನು ನಂಬಿದೆ. ಅಪ್ಪ ಹೆದರುಪುಕ್ಕಲ, ಆದರೆ ಮೋಸಗಾರನಲ್ಲ ಎಂದುಕೊಂಡಿರಬೇಕು.

ಬೀಗ ಬಿದ್ದ ಮೂರನೇ ತಿಂಗಳು, ಮಧ್ಯಾಹ್ನದ ಹೊತ್ತು, ಇಸ್ತ್ರಿಯವರ ಹೆಂಡತಿಗೆ ಉಸಿರು ಕಟ್ಟಿತು. ನೀನೂ ಅವರೂ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಗೇಟಿನವರೆಗೆ ಹೊತ್ತು ತಂದಿರಿ. ಬೀಗದ ಕೈ ಅಧ್ಯಕ್ಷರ ಬಳಿ, ಅಧ್ಯಕ್ಷರು ಊರಲ್ಲಿಲ್ಲ. ಇಡೀ ಬಡಾವಣೆ ಸುತ್ತಿಕೊಂಡು ಹೋದಿರಿ. ಹತ್ತು ನಿಮಿಷ ಮೊದಲು ಬಂದಿದ್ದರೆ ಉಳಿಯುತ್ತಿದ್ದರು ಎಂದ ಡಾಕ್ಟರ ಮಾತನ್ನು ನೀನು ಮನೆಗೆ ಬಂದು ಒಂದೇ ಸಲ ಹೇಳಿದೆ. ಆಮೇಲೆ ನನ್ನ ಜೊತೆ ಹೆಚ್ಚು ಮಾತೇ ಆಡಲಿಲ್ಲ. ಕೆಲಸ ಸಿಕ್ಕಿತೆಂದು ಹೊರಟಾಗಲೂ ಅಮ್ಮನಿಗೆ ಹೇಳಿ ಹೊರಟೆ.

ಈಗ ಸಭೆಯಲ್ಲಿ ಹಿಂದೆ ಯಾರೂ ನಿಲ್ಲುವುದಿಲ್ಲ ಪುಟ್ಟೀ. ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು. ಹೋದ ವರ್ಷದ ದೊಡ್ಡ ಚುನಾವಣೆಗೂ ಆ ಸಾಲಿನಿಂದ ಓಟು ಹಾಕಲು ಬಂದವರು ಬೆರಳೆಣಿಕೆಯಷ್ಟು. ಯಾಕೆ ಎಂದು ಕೇಳಿದರೆ, ‘ಎಣಿಸೋರು ಹೇಗೂ ಎಣಿಸ್ಕೋತಾರೆ ಬಿಡಿ’ ಎಂದು ಅಲ್ಲಿನ ದರ್ಜಿ ನಕ್ಕ. ಮುಂದಿನ ಸಾಲಿನವರು ಅವರಿಗೆ ದೇಶದ ಚಿಂತೆಯಿಲ್ಲ ಎಂದು ಬೈಯುತ್ತಾರೆ. ಸಭಾಂಗಣದ ಆ ಖಾಲಿ ಗೋಡೆಯ ಕಡೆ ನಾನು ನೋಡಲಾರೆ, ನೋಡದೆ ಇರಲೂ ಆರೆ. ಅಲ್ಲಿ ಕೈಗಳಿವೆ. ಯಾರೂ ಇಲ್ಲದ ಕಡೆ, ಭುಜದಿಂದ ಮೇಲಕ್ಕೆ, ಎತ್ತಿದ್ದು ಎತ್ತಿದ ಹಾಗೆಯೇ ಇವೆ. ಪೊರೆ ತೆಗೆಸಿದರೆ ಹೋದೀತು ಎಂದುಕೊಂಡಿದ್ದೆ. ನಗಬೇಡ. ಮನೆಯಲ್ಲೂ ಹಾಗೆಯೇ: ಹಗ್ಗದ ಮೇಲಿನ ಬಟ್ಟೆ ಕಂಡರೆ ತೋಳುಗಳನ್ನು ಎಣಿಸುತ್ತೇನೆ, ಎಣಿಸುತ್ತಿದ್ದೇನೆಂದು ಗೊತ್ತಾದ ಕೂಡಲೇ ಒಳಗೆ ಬಂದುಬಿಡುತ್ತೇನೆ. ಅಮ್ಮ ನನಗೆ ವಯಸ್ಸಾಯಿತು ಎನ್ನುತ್ತಾಳೆ. ಹಾಗೆಯೇ ಅಂದುಕೊಂಡಿರಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗಿಗೂ ನನ್ನ ಆಶೀರ್ವಾದ ತಿಳಿಸು. ನೂರು ಕಾಲ ಚೆನ್ನಾಗಿ ಬಾಳು ಮಗಳೇ. ಉತ್ತರ ಬರೆಯದಿದ್ದರೂ ಬೇಸರವಿಲ್ಲ, ಓದಿದರೆ ಸಾಕು.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅವತ್ತು ನೋಡಿದ್ದೆ ಪುಟ್ಟೀ. ಎಣಿಸಿಯೂ ಇದ್ದೆ. ಜೀವಮಾನವಿಡೀ ಎಣಿಸಿದವನ ಕಣ್ಣು, ಬೇಡವೆಂದರೂ ಬಿಡುವುದಿಲ್ಲ. ನಿಂತವರಲ್ಲಿ ಬೀಗ ಹಾಕಿ ಎಂದು ಒಬ್ಬರೂ ಕೈ ಎತ್ತಲಿಲ್ಲ. ಬೇಡವೆಂದು ಎತ್ತಿದವರು ಇಪ್ಪತ್ತೇಳು. ಹದಿನಾಲ್ಕಕ್ಕೆ ಸೇರಿಸಿಕೋ, ನಲವತ್ತೊಂದು. ನೀವು ಗೆದ್ದಿದ್ದಿರಿ. ಕೊನೆಯ ಕೈ ಇಸ್ತ್ರಿಯವರ ಹೆಂಡತಿಯದು, ಮಣಿಕಟ್ಟಿನ ಹತ್ತಿರ ಸುಟ್ಟ ಕಲೆ ಇತ್ತು. ಎಲ್ಲರೂ ಇಳಿಸಿದ ಮೇಲೂ ನಾನು ನೋಡಿದೆನೋ ಇಲ್ಲವೋ ಎಂದು ಆಕೆ ಎತ್ತಿಯೇ ಹಿಡಿದಿದ್ದರು. ನಮ್ಮಿಬ್ಬರ ಕಣ್ಣು ಸೇರಿದವು. ನಾನು ಹತ್ತೊಂಬತ್ತು–ಹದಿನಾಲ್ಕು ಎಂದೆ. ಭಾನುವಾರ ಸಭೆಯಲ್ಲಿ ಈ ಲೆಕ್ಕ ಹೇಳುತ್ತೇನೆ. ಆದರೆ ಮೊದಲು ಹೇಳಬೇಕಾದದ್ದು ನಿನಗೂ ಅಲ್ಲ, ಸಭೆಗೂ ಅಲ್ಲ. ಇಸ್ತ್ರಿಯವರು ಇವತ್ತಿಗೂ ನನ್ನ ಅಂಗಿಗಳನ್ನು ತಾವೇ ತಂದು ಕೊಡುತ್ತಾರೆ. ನಾಳೆ ಬೆಳಿಗ್ಗೆ ಬರುತ್ತಾರೆ.