ಗೋಡೆ ಕುಡಿದ ಎಣ್ಣೆ

ತಾರ್ನಾಕ, ಹೈದರಾಬಾದ್
೯ ನವೆಂಬರ್ ೨೦೨೪, ಶನಿವಾರ

ಶಾಂಭವಿ,

ಮರಳಿ ಬರುವ ವಿಷಯಕ್ಕೆ ನೀನು ‘ಆಮ್ಯಾಗ ಬರೋ ಮಾತು’ ಎಂದೆಯೋ, ‘ಆಮ್ಯಾಗ ನೋಡೋ ಮಾತು’ ಎಂದೆಯೋ, ಈಗ ಸರಿಯಾಗಿ ನೆನಪಿಲ್ಲ. ಅದಕ್ಕೂ ಮೊದಲು ಹೇಳಿದ್ದು ಮಾತ್ರ ನೆನಪಿದೆ: ‘ಮೊದಲ ಆ ಗ್ವಾಡಿ ಮ್ಯಾಲಿನ ಕಲಿ ತೆಗಸ್ರಿ. ಛಲೋ ಪೇಂಟ್ ಹಚ್ಚಸ್ರಿ.’ ಅವ್ವನ ತಿಥಿಕರ್ಮ ಮುಗಿದ ಮರುದಿನ, ಕಾಚಿಗೂಡದಲ್ಲಿ, ರೈಲಿನ ಕಿಟಕಿಯಿಂದ ಇಷ್ಟು ಹೇಳಿ ನೀನು ನೀರಿನ ಬಾಟಲಿಯ ಮುಚ್ಚಳ ತಿರುಗಿಸತೊಡಗಿದೆ. ಎರಡು ವರ್ಷ ತವರಲ್ಲಿದ್ದು, ಅತ್ತೆಯ ಮುಖವನ್ನು ಕೊನೆಯ ಸಲ ನೋಡಲೆಂದು ಬಂದವಳು, ತಾನೇ ಬಿಟ್ಟುಹೋದ ಮನೆಯ ಗೋಡೆಗೆ ಷರತ್ತು ಹಾಕಿ ಹೋದಳಲ್ಲ ಎಂದು ಆಟೋದಲ್ಲಿ ಕೂತು ಮನೆಯವರೆಗೂ ಯೋಚಿಸಿದೆ.

ಮೊಣಕಾಲು ಹೇಗಿದೆ? ರಾಯಚೂರಿನ ಬಿಸಿಲು ವಾತಕ್ಕೆ ಒಳ್ಳೆಯದೆಂದು ನಿನ್ನ ಅಣ್ಣ ಅಮರೇಶಪ್ಪನವರು ಹೇಳುತ್ತಿರುತ್ತಾರೆ. ನಾನು ಫೋನ್ ಮಾಡಿದಾಗಲೆಲ್ಲ ಅವರೇ ಎತ್ತಿ, ‘ಊಟಾ ಮಾಡಾಕತ್ತಾಳ್ರೀ’ ಎನ್ನುತ್ತಾರೆ. ಬೆಳಗ್ಗೆ ಹನ್ನೊಂದಕ್ಕೂ ಊಟ, ಸಂಜೆ ಐದಕ್ಕೂ ಊಟ. ಅದಕ್ಕೇ ಈ ಕಾಗದ. ನಾನು ಆರಾಮ ಇದ್ದೇನೆ. ಕಾವ್ಯಾ ವಾರಂಗಲ್ಲಿನ ಹಾಸ್ಟೆಲಿನಿಂದ ದೀಪಾವಳಿಗೆ ಬರಲಿಲ್ಲ. ಅಮ್ಮ ಇಲ್ಲದ ಮನೆಗೆ ಬಂದು ಏನು ಮಾಡಲಿ ಎಂದು ಕೇಳಿದಳು. ಈ ಮಾತನ್ನು ಅವಳಿಗೆ ಯಾರು ಕಲಿಸಿದರೆಂದು ನಾನು ಕೇಳಲಿಲ್ಲ.

ಪೇಂಟಿನ ವಿಷಯಕ್ಕೆ ಬರುತ್ತೇನೆ. ಬಣ್ಣ ಯಾವುದೆಂದು ನೀನು ಹೇಳಲಿಲ್ಲ. ಹೇಳಿದ್ದರೆ ಅದು ಕೆಟ್ಟದಾಗಿ ಕಂಡಾಗ ತಪ್ಪು ನಿನ್ನದಾಗುತ್ತಿತ್ತು. ಉಪ್ಪಲ್‌ನ ದೊಡ್ಡ ಅಂಗಡಿಗೆ ಹೋದೆ. ಅಲ್ಲಿಯವನು ಬೀಸಣಿಗೆಯಂಥ ಬಣ್ಣದ ಪಟ್ಟಿಗಳನ್ನು ಬಿಚ್ಚಿ, ಬಿಳಿಯೊಂದರಲ್ಲೇ ನಲವತ್ತು ಬಗೆ ತೋರಿಸಿದ. ನನಗೆ ಎಲ್ಲವೂ ಒಂದೇ ಆಗಿ ಕಂಡವು. ನೀನಿದನ್ನು ನಂಬುತ್ತೀ; ಹೆಂಡತಿ ಉಟ್ಟ ಸೀರೆಯ ಬಣ್ಣವನ್ನು ಕಣ್ಣು ಮುಚ್ಚಿಸಿ ಕೇಳಿದರೆ ಇವರು ಹೇಳಲಾರರು ಎಂದು ಬಂದವರೆದುರು ನನ್ನನ್ನು ನಗೆಗೀಡು ಮಾಡುತ್ತಿದ್ದೆಯಲ್ಲ. ‘ಪದಿ ಸಂವತ್ಸರಾಲ ಗ್ಯಾರಂಟೀ ಸಾರ್, ಕೈಸಾ ಬೀ ದಾಗ್ ಹೋ, ಗೀಲಾ ಕಪಡಾ ಮಾರೋ, ಸಾಫ್’ ಎಂದ ಅಂಗಡಿಯವನು. ಹತ್ತು ವರ್ಷ ಬಾಳುತ್ತದಂತೆ, ಎಂಥ ಕಲೆಯೂ ಒದ್ದೆ ಬಟ್ಟೆಗೆ ಹೋಗುತ್ತದಂತೆ. ಜೊತೆಗೆ ಬಂದಿದ್ದ ಪೇಂಟರ್ ಬೂದೆಪ್ಪ ಡಬ್ಬವನ್ನು ಬಡಿದು ನೋಡಿ ಹೇಳಿದ: ‘ಇನ್ನ ಮುಂದ ಬೀಳೋ ಕಲಿ ಹೋಗ್ತಾವ್ರಿ. ಹಿಂದ ಬಿದ್ದಿದ್ದಕ್ಕ ಬ್ಯಾರೇನ ಔಷಧ ಬೇಕು.’ ಬೂದೆಪ್ಪ ಯಾದಗಿರಿ ಕಡೆಯವನು, ಇಲ್ಲಿ ಹದಿನೆಂಟು ವರ್ಷದಿಂದ ಗೋಡೆ ತಿಕ್ಕುತ್ತಿದ್ದಾನೆ. ಕೆಲವು ಡಬ್ಬಗಳೊಳಗೆ ಪೇಂಟರಿಗೆಂದೇ ಇನಾಮಿನ ಟೋಕನ್ ಹಾಕಿರುತ್ತಾರೆ, ಅಂಥ ಡಬ್ಬವನ್ನೇ ಅವರು ಹೊಗಳುತ್ತಾರೆ ಎಂದು ಕೇಳಿದ್ದೆ. ಇವನು ಟೋಕನ್ ಇಲ್ಲದ್ದನ್ನೇ ಎತ್ತಿಕೊಂಡ. ಅವನ ಮಾತನ್ನು ನಾನು ನಂಬತೊಡಗಿದ್ದು ಆಗ. ನಂಬದಿದ್ದರೆ ಚೆನ್ನಾಗಿತ್ತು.

ಹಾಲ್‌ನ ಮೂರು ಗೋಡೆ ಮುಗಿದಿವೆ. ಉಳಿದದ್ದು ನೀನು ಹೇಳಿದ ಗೋಡೆ. ಅವ್ವ ನಾಲ್ಕು ವರ್ಷ ಹೊರಸಿನ ಮೇಲೆ ಕೂತು ತಲೆಯಾನಿಸಿದ ಜಾಗ ನಿನಗೆ ಗೊತ್ತು: ನೆಲದಿಂದ ಮೂರಡಿ ಮೇಲೆ, ರೊಟ್ಟಿಯಷ್ಟು ಅಗಲ, ಕೊಬ್ಬರಿ ಎಣ್ಣೆ ಕುಡಿದು ಕಂದಾಗಿದೆ. ಅಲ್ಲಿಂದ ಅಡುಗೆಮನೆ ನೇರ ಕಾಣುತ್ತದೆ. ಅಲ್ಲಿಂದಲೇ ಅವಳು ನಿನಗೆ, ‘ರೊಟ್ಟಿ ಬಡಿಯೂದು ಕೈಲೆ ಯವ್ವಾ, ಬಳಿ ಸಪ್ಪಳದಲೆ ಅಲ್ಲ’ ಎನ್ನುತ್ತಿದ್ದಳು. ಅದನ್ನು ನಾನು ಹಾಸ್ಯವೆಂದುಕೊಂಡಿದ್ದೆ; ಹಾಸ್ಯವೂ ಆಗಿತ್ತು. ಮುದುಕಿಗೆ ಕಾಲು ಹೋಗಿತ್ತು, ಉಳಿದದ್ದು ಬಾಯಿ. ನೀನು ಅದನ್ನೂ ಸಹಿಸಲಿಲ್ಲ. ಅವಳು ಹೋದ ಮೇಲೆ ಅವಳ ತಲೆಯ ಗುರುತನ್ನೂ ಸಹಿಸಲಾರೆ. ಅದಕ್ಕೆ ನಾನೊಂದು ಕೆಲಸ ಮಾಡಿದೆ, ಮುಚ್ಚಿಡುವುದಿಲ್ಲ. ಎಣ್ಣೆಯ ಕಲೆಯ ಮೇಲೆ ಮೊದಲು ಔಷಧದಂಥ ಪ್ರೈಮರ್ ಹಚ್ಚಬೇಕು, ಇಲ್ಲದಿದ್ದರೆ ಎಷ್ಟು ಒಳ್ಳೆಯ ಪೇಂಟಾದರೂ ಎರಡು ತಿಂಗಳಲ್ಲಿ ಕಲೆ ಮೇಲೆ ಬರುತ್ತದೆ ಎಂದ ಬೂದೆಪ್ಪ. ಔಷಧ ಬೇಡ, ಸುಮ್ಮನೆ ಪೇಂಟ್ ಹಚ್ಚು ಎಂದೆ. ನೀನು ಬಂದು, ಹೊಸ ಗೋಡೆ ನೋಡಿ, ಪೆಟ್ಟಿಗೆಯಿಂದ ಬಟ್ಟೆ ತೆಗೆದು ಬೀರುವಿನಲ್ಲಿಟ್ಟ ಮೇಲೆ, ಸಂಕ್ರಾಂತಿಯ ಹೊತ್ತಿಗೆ, ಅವ್ವ ನಿಧಾನವಾಗಿ ಗೋಡೆಯಲ್ಲಿ ಮೂಡಬೇಕು. ನನ್ನ ಎಣಿಕೆ ಇಷ್ಟೇ ಇತ್ತು.

ಬೂದೆಪ್ಪ ಗೋಡೆಯ ಪೂರ್ತಿ ಉದ್ದ ಅಂಗೈ ಸವರಿಕೊಂಡು ನನ್ನ ಕೋಣೆಯ ಬಾಗಿಲಿನವರೆಗೆ ಹೋದ. ಚೌಕಟ್ಟಿನ ಪಕ್ಕ ನಿಂತು, ‘ಹಂಗಾರ ಇದೂ ಹೊರಗ ಬರ್ತೈತ್ರಿ’ ಎಂದ. ಅಲ್ಲಿ ಇನ್ನೊಂದು ಇತ್ತು. ಚಿಕ್ಕದು, ತೆಳ್ಳಗೆ, ಓರೆಯಾಗಿ ನೋಡಿದರೆ ಮಾತ್ರ ಮಿನುಗುವಂಥದ್ದು. ಗೇಣು ಬೆರಳು ಹಾಕಿ ಅಳೆದು, ‘ಐದ ಫೂಟಿಗೆ ನಾಕ ಬಟ್ಟ ಕಮ್ಮಿ. ಅದು ಕುಂತವರ ಕಲಿ, ಇದು ನಿಂತವರದು’ ಎಂದ. ಅಲ್ಲಿ ಕ್ಯಾಲೆಂಡರ್ ಇತ್ತು ಎಂದೆ. ಅವನು ನಕ್ಕ. ‘ಕ್ಯಾಲೆಂಡರ್ ತಲಿಗೆ ಎಣ್ಣಿ ಹಚ್ಕೋತಾವೇನ್ರಿ ಧಣಿ? ಒಂದ ದಿನಕ್ಕ ಗ್ವಾಡಿ ಇಷ್ಟ ಎಣ್ಣಿ ಕುಡಿಯಂಗಿಲ್ಲ. ಯಾರೋ ಭಾಳ ದಿನ ನಿಂತಾರ.’ ಕೆಳಗೆ, ನೆಲದಿಂದ ಒಂದು ಗೇಣು ಮೇಲೆ, ಹಿಮ್ಮಡಿ ಊರಿದ ಸವಕಲು ಗುರುತನ್ನೂ ತೋರಿಸಿದ. ಕಾವ್ಯಾ ನನಗಿಂತ ಎತ್ತರ, ತಲೆಗೆ ಎಣ್ಣೆ ಮುಟ್ಟಿಸುವವಳಲ್ಲ. ಅವ್ವ ನಿಲ್ಲುತ್ತಿರಲಿಲ್ಲ. ನಾನು ಚಹಾ ಮಾಡಲು ಒಳಗೆ ಹೋದೆ.

ಇಷ್ಟು ಸುದ್ದಿ. ಮನೆ ತುಂಬ ಪೇಂಟಿನ ವಾಸನೆ, ಕಿಟಕಿ ತೆರೆದೇ ಇಟ್ಟಿದ್ದೇನೆ. ಅಣ್ಣನವರಿಗೆ ನನ್ನ ನಮಸ್ಕಾರಗಳನ್ನು ತಿಳಿಸು, ಎರಡು ಊಟಗಳ ನಡುವೆ ಬಿಡುವಾದಾಗ.

ಶಾಂತಕುಮಾರ

ತಾ.ಕ.: ಬೂದೆಪ್ಪ ಹೋದ ಮೇಲೆ ಆ ಜಾಗದಲ್ಲಿ ನಿಂತು ನೋಡಿದೆ. ಮೊಣಕಾಲು ಬಗ್ಗಿಸಬೇಕಾಯಿತು. ಅಲ್ಲಿಂದ ನನ್ನ ಓದುವ ಕುರ್ಚಿಯ ಬೆನ್ನು ಮಾತ್ರ ಕಾಣುತ್ತದೆ. ನೀನು ಒಳಗೆ ಬರಬಹುದಿತ್ತು, ಕರೆಯಬಹುದಿತ್ತು. ಇದನ್ನು ಈಗಲೂ ಅನ್ನುತ್ತೇನೆ. ಆದರೆ ಅವ್ವ ಏನಾದರೂ ಅಂದ ಮೇಲೆ ಬಳೆಯ ಸಪ್ಪಳ ಅಡುಗೆಮನೆಯಿಂದ ನನ್ನ ಬಾಗಿಲಿನವರೆಗೆ ಬಂದು ನಿಂತುಹೋಗುತ್ತಿತ್ತು. ಅದು ನನಗೆ ಕೇಳಿಸುತ್ತಿತ್ತು. ಪ್ರತಿ ಸಲ ಕೇಳಿಸುತ್ತಿತ್ತು, ಪ್ರತಿ ಸಲ ನಾನು ಪುಟ ತಿರುವಿದೆ. ಔಷಧದ ಡಬ್ಬ ತಂದಿಟ್ಟಿದ್ದೇನೆ. ಗುರುವಾರದವರೆಗೆ ಆ ಗೋಡೆ ಮುಟ್ಟಬೇಡವೆಂದು ಬೂದೆಪ್ಪನಿಗೆ ಹೇಳಿದ್ದೇನೆ. ಬುಧವಾರ ಫೋನ್ ಮಾಡುತ್ತೇನೆ, ನೀನೇ ಎತ್ತು. ಕಲೆ ತೆಗೆಸಿರಿ ಎಂದೆಯಲ್ಲ ಶಾಂಭವಿ, ನೀನು ಹೇಳಿದ್ದು ಯಾವುದನ್ನು?