ಅವ್ವ ಕಟ್ಟಿದ ಉಡುದಾರ

ಗಂಡಸಿ, ೧೪-೩-೨೦೦೨, ಗುರುವಾರ

ತೊಡೆಸಂದಿಯ ನೋವು ಹರ್ನಿಯಾ ಇರಬಹುದೆಂದು ಅರಸೀಕೆರೆಗೆ ತೋರಿಸಲು ಹೋದೆ. ಸ್ಕ್ಯಾನ್ ನೋಡಿ ಡಾಕ್ಟರು, "ಒಂದು ಬೀಜ ಹುಟ್ಟಿದಾಗಿಂದ ಕೆಳಗೆ ಇಳಿದೇ ಇಲ್ಲ ಕಣ್ರೀ, ಹೊಟ್ಟೆಯೊಳಗೇ ಇದೆ. ಈ ವಯಸ್ಸಲ್ಲಿ ಬಿಡೋ ಹಾಗಿಲ್ಲ, ತೆಗೀಬೇಕು" ಎಂದರು. ಒಂದು ಕಡೆ ಖಾಲಿ ಎಂಬುದು ನನಗೂ ಗೊತ್ತಿತ್ತು. ಎರಡು ಮಕ್ಕಳಾದವು, ನನ್ನ ಮೈಯೇ ಹೀಗೆ ಎಂದು ಸುಮ್ಮನಿದ್ದೆ. ಇಂಥದ್ದನ್ನು ಯಾರ ಹತ್ತಿರ ಕೇಳುವುದು?

ಸ್ಕ್ಯಾನಿಗೆ ಅಡ್ಡವೆಂದು ನರ್ಸು ಕತ್ತರಿಸಿಕೊಟ್ಟ ಉಡುದಾರ, ಅದರ ತಾಯಿತ ಜೇಬಿನಲ್ಲಿದ್ದವು. ಮನೆಗೆ ಬಂದು, ಬತ್ತಿ ಹೊಸೆಯುತ್ತಿದ್ದ ಅವ್ವನಿಗೆ ವಿಷಯ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಎಳೇ ಮಗುಗೆ ನೀರು ಹಾಕುವಾಗ್ಲೇ ನೋಡಿದ್ದೆ ಕಣಪ್ಪ. ಜನ ಆಡ್ಕತಾರೆ ಅಂತ ನಿಮ್ಮಪ್ಪಂಗೂ ಹೇಳ್ಲಿಲ್ಲ. ಸರಿಹೋಗ್ಲಿ ಅಂತ್ಲೇ ಆ ತಾಯಿತ ಕಟ್ಟಿಸಿದ್ದು."

ಪ್ರತಿ ಯುಗಾದಿಗೂ ಹೊಸ ಉಡುದಾರಕ್ಕೆ ಅದೇ ತಾಯಿತ ಪೋಣಿಸಿ ಕೊಡುತ್ತಿದ್ದಳು. ದೃಷ್ಟಿಗೆ ಇರಬೇಕೆಂದು ಕಟ್ಟಿಕೊಳ್ಳುತ್ತಿದ್ದೆ. ಇಷ್ಟು ವರ್ಷ ಇವಳು ಒಬ್ಬಳೇ ಕಾಯುತ್ತಿದ್ದಳೇ?

ರೇಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಎದ್ದುಹೋಗಿ ಕರಿದಾರ ತಂದು, "ಆಪರೇಷನ್ನಿಗೆ ಬರೀ ಸೊಂಟದಲ್ಲಿ ಹೋಗಬ್ಯಾಡ" ಎಂದಳು. ನಲವತ್ತಾರರ ಗಂಡಸು ನಾನು, ಕೈಯೆತ್ತಿ ನಿಂತುಬಿಟ್ಟೆ. ಮುಖ ಆ ಕಡೆ ತಿರುಗಿಸಿಕೊಂಡು ಕಟ್ಟಿದಳು.

ತಾಯಿತ ನನ್ನ ಜೇಬಿನಲ್ಲೇ ಇತ್ತು. ಅವ್ವ ಅದನ್ನು ಕೇಳಲಿಲ್ಲ.