ಎಲುನೆಡ್ ಬರೆದ ಒಳ್ಳೆಯ ಮಾತುಗಳು

ಹೋರೆಬ್ ಬೀದಿ, ಟ್ರೆವೆನ್, ವೇಲ್ಸ್
ಮಂಗಳವಾರ, ಅಕ್ಟೋಬರ್ ೧೪

ಪ್ರೀತಿಯ ನೆರಿಸ್,

ಅಕ್ಷರ ನೋಡಿ ಗಾಬರಿಯಾಗಬೇಡ. ನನ್ನ ಕನ್ನಡಕದ ಕಡ್ಡಿ ಮುರಿದಿದೆ. ಅದಕ್ಕೆ ನಾನು ಹೇಳುತ್ತೇನೆ, ಪಕ್ಕದ ಮನೆಯ ಎಲುನೆಡ್ ಆಂಟಿ ಬರೆಯುತ್ತಾಳೆ. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ತಿದ್ದಬಾರದು ಎಂದು ಮೊದಲೇ ಮಾತು ತೆಗೆದುಕೊಂಡಿದ್ದೇನೆ. ಚಾಪೆಲ್‌ಗೆ ಅಷ್ಟು ವರ್ಷ ಕಾರ್ಯದರ್ಶಿಯಾಗಿದ್ದವಳಿಗೆ ತಿದ್ದದೆ ಬರೆಯುವುದು ಕಷ್ಟ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಹೇಗಿದ್ದೀಯಮ್ಮ ಅನ್ನುತ್ತೀಯ, ನಾನು ಚೆನ್ನಾಗಿದ್ದೀನಿ ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಇಷ್ಟೆಲ್ಲ ಆದದ್ದು ಆ ಒಂದು ಮಾತಿನಿಂದಲೇ.

ಸಂಧಿವಾತಕ್ಕಾಗಿ ನನಗೆ ಬರುತ್ತಿದ್ದ ಅಂಗವೈಕಲ್ಯದ ಭತ್ಯೆಯನ್ನು ಬೇಸಿಗೆಯಲ್ಲಿ ಕಡಿದುಹಾಕಿದರು. ನಿನಗೆ ಹೇಳಲಿಲ್ಲ. ಆ ಭತ್ಯೆಯ ಲೆಕ್ಕದಲ್ಲೇ ಬಾಡಿಗೆಗೆ ಬಂದಿದ್ದ ಕಾರನ್ನು ಹಿಂದಿರುಗಿಸಬೇಕು. ಉಳಿದಿರುವುದು ಸಣ್ಣ ಪಾಲು. ಬೆಳಿಗ್ಗೆ ಮೈರ್ವೆನ್ ಬಂದು ಮನೆಗೆಲಸ ಮಾಡಿಹೋಗುವುದಕ್ಕೆ ಅಷ್ಟು ಸಾಕಾಗುತ್ತದೆ.

ಅದಕ್ಕೂ ಮೊದಲು ನನ್ನನ್ನು ಪರೀಕ್ಷಿಸಲು ಒಬ್ಬ ನರ್ಸ್ ಮನೆಗೆ ಬಂದಿದ್ದಳು. ಮನೆಗೆ ಹೊಸಬರು ಬಂದರೆ ನಾವು ಹೇಗಿರುತ್ತೇವೋ ಹಾಗೇ ಇದ್ದೆ. ನೀಲಿ ಕಾರ್ಡಿಗನ್ ಹಾಕಿದ್ದೆ, ಒಳ್ಳೆಯ ಕಪ್ಪುಗಳನ್ನು ಇಳಿಸಿಡಿಸಿದ್ದೆ. ಹೇಗಿದ್ದೀರಿ ಮಿಸೆಸ್ ಪ್ರಾಸರ್ ಅಂದಳು. ನಡೀತಿದೆಯಮ್ಮ, ದೂರೋಕೆ ಏನೂ ಇಲ್ಲ ಅಂದೆ. ಈ ಕಣಿವೆಯಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರ ಇದೆಯೇ? ಎದೆಯ ತುಂಬ ಗಣಿಯ ಧೂಳು ತುಂಬಿಕೊಂಡು ಮಲಗಿದ್ದ ನಿನ್ನ ಅಪ್ಪ ಕೊನೆಯ ವಾರವೂ ಡಾಕ್ಟರಿಗೆ ಅದನ್ನೇ ಹೇಳಿದ್ದು. ನರ್ಸ್ ವರದಿಯಲ್ಲಿ ಬರೆದಳು: ತೊಂದರೆ ಇಲ್ಲವೆಂದು ತಾವೇ ತಿಳಿಸಿದರು, ಓರಣವಾಗಿ ಉಡುಪು ಧರಿಸಿದ್ದರು, ಚಹಾ ಕೊಟ್ಟರು. ಚಹಾ ಮಾಡಿ ಫ್ಲಾಸ್ಕಿಗೆ ತುಂಬಿಟ್ಟು ಹೋದವಳು ಎಲುನೆಡ್. ಮುಚ್ಚಳವನ್ನೂ ಅವಳೇ ಸಡಿಲ ಮಾಡಿಟ್ಟಿದ್ದಳು.

ಮರುಪರಿಶೀಲಿಸಿ ಎಂದು ಕೇಳಿದೆ, ಇಲ್ಲ ಅಂದರು. ಈಗ ನ್ಯಾಯಮಂಡಳಿಗೆ ಮೇಲ್ಮನವಿ ಹಾಕಿದ್ದೇನೆ. ನನ್ನನ್ನು ದಿನವೂ ನೋಡುವವರು ಸಾಕ್ಷಿಯಾಗಿ ಪತ್ರ ಕೊಡಬಹುದು ಅಂತ ಕಾಗದದಲ್ಲಿತ್ತು. ದಿನವೂ ನೋಡುವವಳು ಎಲುನೆಡ್. ನಿನಗೆ ಗೊತ್ತಲ್ಲ, ನಮ್ಮ ಬೀದಿಯಲ್ಲಿ ಯಾರ ಹುಡುಗ ಕೋರ್ಟಿಗೆ ಹೋಗಲಿ, ಯಾರಿಗೆ ಕೆಲಸ ಬೇಕಾಗಲಿ, ಮೊದಲು ತಟ್ಟುವುದು ಅವಳ ಬಾಗಿಲು. ಅವಳು ಒಳ್ಳೆಯ ಮಾತು ಬರೆದುಕೊಟ್ಟರೆ ಕೆಲಸ ಆದ ಹಾಗೇ. ನನಗೂ ಬರೆದಳು. ಗ್ಲೆನಿಸ್ ಪ್ರಾಸರ್‌ಳಷ್ಟು ಸ್ವಾಭಿಮಾನದ ಹೆಂಗಸು ಈ ಬೀದಿಯಲ್ಲಿಲ್ಲ, ಯಾರ ಮುಂದೆಯೂ ಕೈಚಾಚಿದವಳಲ್ಲ, ಅವಳ ಹೊಸ್ತಿಲು ಇಂದಿಗೂ ಕನ್ನಡಿಯ ಹಾಗಿದೆ, ಕಾಯಿಲೆ ಅವಳನ್ನು ಬಗ್ಗಿಸಲಾರದು. ಓದಿ ಹೇಳಿದಾಗ ನನಗೆ ಅಳು ಬಂತು. ಅದೇ ಮಧ್ಯಾಹ್ನ ನ್ಯಾಯಮಂಡಳಿಗೆ ಅಂಚೆಗೆ ಹಾಕಿದೆವು.

ಕಳೆದ ವಾರ ಗ್ರಂಥಾಲಯದಲ್ಲಿ ಕೂತು ಭತ್ಯೆಯ ವಿಷಯಕ್ಕೆ ಸಲಹೆ ಕೊಡುವ ಕೆರಿಗೆ ಅದರ ನಕಲು ತೋರಿಸಿದೆವು. ಓದಿ, ಕಾಗದವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಕೇಳಿದಳು, ಆಂಟಿ, ಇದು ಯಾರ ಕಡೆ ಸಾಕ್ಷಿ? ನಮ್ಮ ಕಡೆದೇ ಕಣಮ್ಮ, ಇನ್ಯಾರದು, ಅಂದಳು ಎಲುನೆಡ್. ಹಾಗಾದ್ರೆ ಅವರ ಕಡೆಯವರು ಏನೂ ಬರೆಯೋದೇ ಬೇಡ ಬಿಡಿ, ಅಂದಳು ಕೆರಿ.

ಎಲುನೆಡ್ ಆ ನಕಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಅವಳನ್ನು ಬೈಯಬೇಡ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ಬರೆಯೇ, ಇದನ್ನೂ ಬರೆ.

ಕಳಿಸಿದ ಪತ್ರ ಹಿಂದಕ್ಕೆ ಬರುವುದಿಲ್ಲ. ಅದರ ನಕಲು ಭತ್ಯೆ ಕಡಿದ ಇಲಾಖೆಯವರಿಗೂ ಹೋಗಿದೆ. ಕೆರಿ ಇನ್ನೊಂದು ಹೇಳಿದಳು. ಮಂಡಳಿಯವರು ಎಲ್ಲವನ್ನೂ ಹೊಸದಾಗಿ ತೂಗಿ ನೋಡಿ, ಉಳಿದಿರುವ ಸಣ್ಣ ಪಾಲನ್ನೂ ತೆಗೆಯಬಹುದಂತೆ. ಅಂದಿನಿಂದ ಗೇಟಿನ ಸದ್ದಾದರೂ ನಾನು ಬಾಗಿಲ ಕಡೆ ಹೋಗುವುದಿಲ್ಲ. ಅಂಚೆಯವನು ಹಾಕಿಹೋದ ಲಕೋಟೆಗಳು ಚಾಪೆಯ ಮೇಲೇ ಬಿದ್ದಿರುತ್ತವೆ. ಮೈರ್ವೆನ್ ಬರುವುದು ನಿಂತರೆ ನಾನು ಈ ಮನೆಯಲ್ಲಿ ಇರಲಾರೆ. ನನ್ನ ಅಡುಗೆಮನೆಯ ಕಿಟಕಿಯಿಂದ ಇಳಿಜಾರಿನ ಕೆಳಗಿರುವ ವೃದ್ಧಾಶ್ರಮ ಕಾಣುತ್ತದಲ್ಲ, ಆ ಕಿಟಕಿಯ ಪರದೆಯನ್ನು ಈಗ ಹಗಲಲ್ಲೂ ಎಳೆಸಿಟ್ಟಿರುತ್ತೇನೆ.

ನಿನ್ನಿಂದ ಒಂದು ಪತ್ರ ಬೇಕಂತೆ. ಮಗಳು ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು, ಯಾರೋ ಹೇಳಿದ್ದನ್ನಲ್ಲ, ಅಂದಳು ಕೆರಿ. ನಾನು ಹೆದರಿರುವುದು ಇದಕ್ಕೇ. ಈಸ್ಟರ್‌ಗೆ ಬಂದಾಗ ನೀನು ಕಂಡದ್ದೇನು? ನೀನು ಏಳುವ ಹೊತ್ತಿಗೆ ನಾನು ಕೆಳಗೆ ಇದ್ದೆ, ಕುರಿಮಾಂಸ ಒಲೆಯಲ್ಲಿತ್ತು. ನೀನು ಮಕ್ಕಳಿಗೆ, ನಿಮ್ಮಜ್ಜಿ ಉಕ್ಕಿನವಳು ಕಣ್ರೋ, ಅಂದೆ. ಮಾಂಸವನ್ನು ಹದಮಾಡಿ ಹಿತ್ತಲ ಗೋಡೆಯ ಮೇಲಿಂದ ದಾಟಿಸಿದವಳು ಎಲುನೆಡ್. ಒಲೆಗೆ ಇಟ್ಟವಳು ಮೈರ್ವೆನ್. ನಾನು ಮೆಟ್ಟಿಲಿನ ಮೇಲೆ ಕೂತು, ಒಂದೊಂದಾಗಿ ಜಾರಿಕೊಂಡು, ಮಕ್ಕಳು ಮಾಡುವ ಹಾಗೆ, ಕತ್ತಲಿರುವಾಗಲೇ ಇಳಿದಿದ್ದೆ. ನಿನಗೆ ಕಾಣಬಾರದು ಎಂದೇ ಇಷ್ಟೆಲ್ಲ ಮಾಡಿದೆ. ಈಗ ನಿನಗೆ ಏನೂ ಕಾಣಲಿಲ್ಲವಲ್ಲ ಎಂದು ಹೆದರುತ್ತಿದ್ದೇನೆ.

ಸುಳ್ಳು ಬರೆ ಎಂದು ನಾನು ಕೇಳುವುದಿಲ್ಲ. ಕಂಡದ್ದು ಏನೂ ಇಲ್ಲದಿದ್ದರೆ ಬರೆಯಬೇಡ. ಸಾಕ್ಷಿ ಕಳಿಸಲು ಬರುವ ಸೋಮವಾರ ಕೊನೆಯ ದಿನ. ನಿನ್ನಿಂದ ಪತ್ರ ಬರದಿದ್ದರೆ ಮೇಲ್ಮನವಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ. ಕಾರು ಹೋದರೆ ಹೋಗಲಿ, ಇರುವುದಾದರೂ ಉಳಿಯಲಿ.

ಇದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಇಲ್ಲಿ ಎಲುನೆಡ್ ಪೆನ್ನು ಕೆಳಗಿಟ್ಟಳು. ಹೇಳಿದ್ದನ್ನು ಬರೆಯೇ ಅಂದೆ. ಬರೆದಳು.

ಮಕ್ಕಳಿಗೆ ಮುತ್ತು.

ನಿನ್ನ ಅಮ್ಮ,
ಗ್ಲೆನಿಸ್

ತಾ.ಕ.: ನೆರಿಸ್, ಇದು ಎಲುನೆಡ್ ಆಂಟಿಯ ಮಾತು. ಮೇಲಿನದನ್ನು ತಿದ್ದಿಲ್ಲ. ಕೆಳಗೆ ಸೇರಿಸುವುದಿಲ್ಲ ಎಂದು ನಾನು ಮಾತು ಕೊಟ್ಟಿರಲಿಲ್ಲ. ಅಮ್ಮ ಕುರ್ಚಿಯಲ್ಲೇ ಕಣ್ಣು ಮುಚ್ಚಿದ್ದಾಳೆ. ಕನ್ನಡಕ ಮೂಗಿನ ಮೇಲಿದೆ, ಕಡ್ಡಿ ಮುರಿದಿಲ್ಲ. ಮೈರ್ವೆನ್ ಬರುವುದು ಮನೆಗೆಲಸಕ್ಕಲ್ಲ, ನಿನ್ನ ಅಮ್ಮನಿಗೆ ಸ್ನಾನ ಮಾಡಿಸಿ ಬಟ್ಟೆ ತೊಡಿಸುವುದಕ್ಕೆ. ಸೆಪ್ಟೆಂಬರಿನ ಒಂದು ಭಾನುವಾರ ನಾನು ಚಾಪೆಲ್‌ನಿಂದ ಬಂದಾಗ ಅವಳು ಅಡುಗೆಮನೆಯ ನೆಲದ ಮೇಲಿದ್ದಳು. ತಿಂಡಿಯ ಹೊತ್ತಿನಿಂದ ಅಲ್ಲೇ ಬಿದ್ದಿದ್ದಳು. ನೆಲ ತಂಪಾಗಿದೆ ಅಂತ ಸ್ವಲ್ಪ ಮಲಗಿದ್ದೆ ಕಣೇ ಅಂದಳು. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡಳು. ಅವಳನ್ನು ಹೊಗಳಿ ನಾನು ಆ ಪತ್ರವನ್ನು ಬರೆದದ್ದು ಅದಾದ ಮೇಲೆ.

ಈಗ ಇನ್ನೊಂದು ಬರೆದು ಮಂಡಳಿಗೆ ಕಳಿಸಿದ್ದೇನೆ, ನೆಲದ ವಿಷಯವೂ ಅದರಲ್ಲಿದೆ. ಗ್ಲೆನಿಸ್ ಬಗ್ಗೆ ಒಂದೂ ಒಳ್ಳೆಯ ಮಾತಿಲ್ಲ. ಅವಳಿಗೆ ತಿಳಿದರೆ ನನ್ನ ಜೊತೆ ಮಾತು ಬಿಡುತ್ತಾಳೋ ಏನೋ.

ನೀನು ಕಣ್ಣಾರೆ ಕಂಡದ್ದನ್ನು ಬರೆಯಬೇಕಲ್ಲ. ಮೇಲಿನ ಸಹಿ ಮಾತ್ರ ಅಮ್ಮನದು. ಪೆನ್ನನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಹಾಕಿದಳು. ಕಾಗದ ಸರಿಯದ ಹಾಗೆ ನಾನು ಹಿಡಿದುಕೊಂಡಿದ್ದೆ. ಮುಗಿಯುವ ಹೊತ್ತಿಗೆ ನನ್ನ ಚಹಾ ಆರಿಹೋಗಿತ್ತು. ಅವಳು ನಿನಗೆ ಕಳಿಸಿದ್ದ ಹಳೆಯ ಹುಟ್ಟುಹಬ್ಬದ ಕಾರ್ಡು ಒಂದನ್ನು ಹುಡುಕಿ ತೆಗೆ. ಅದರಲ್ಲಿರುವ ಸಹಿಯನ್ನು ಇದರ ಪಕ್ಕದಲ್ಲಿಟ್ಟು ನೋಡು.

ಈಗ ಕಂಡೆಯಲ್ಲ. ಬರೆ.